ಮೂರನೇ ಸಲಕ್ಕೆ ಮುಂಚೆ

ವಿಮಾನ ನಿಲ್ದಾಣ

ಜಪಾನಿನ ನೆಲ ಮುಟ್ಟಿದ ಮೇಲೆ ನಮ್ಮವರು ಆಡಿದ ಮೊದಲ ಮಾತು “ನೀರ್ ಕೊಡೆ” ಎಂಬುದು. ಅಷ್ಟಕ್ಕೇ ಪಾಸ್‌ಪೋರ್ಟ್ ತೋರಿಸುವ ಸಾಲಿನಲ್ಲಿ ನಿಂತವರೆಲ್ಲ ಬೆಚ್ಚಿಬಿದ್ದು ತಿರುಗಿ ನೋಡಿದರು. ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ಓಡಿ ಬಂದಳು. ಇದು ಜಗಳವಲ್ಲಮ್ಮ, ಬಾಯಾರಿಕೆ ಎಂದು ನಾನು ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ.

ಅವಳದೇನೂ ತಪ್ಪಿಲ್ಲ. ನಮ್ಮವರು ಕಾರವಾರದ ಬೈತಖೋಲ ಬಂದರಿನಲ್ಲಿ ಮೀನಿನ ಹರಾಜು ಕೂಗುವವರು. ಊರು ಮಾಜಾಳಿ, ಹೆಸರು ದಾಮೋದರ, ಬಂದರಿನ ಮಂದಿಗೆಲ್ಲ ದಾಮಣ್ಣ. ನಾನು ಅಂಕೋಲೆ ಕಡೆಯ ಭಾವಿಕೇರಿಯವಳು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಅಕ್ಕೋರು. ಕೂಗುವುದೇ ಇಬ್ಬರದೂ ಕಸುಬು, ಹಾಗಾಗಿ ನಮ್ಮ ಮನೆಯಲ್ಲಿ ಗುಟ್ಟು ಎಂಬುದು ಎಂದೂ ಇರಲಿಲ್ಲ.

ಆಮೇಲೆ ಅವರ ಗಂಟಲಿಗೆ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆದರು. ಜೀವ ಉಳಿಯಿತು, ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು ಉಳಿಯಿತು, ಮಾತು ಮಾತ್ರ ಹೋಯಿತು. ಗಂಟಲಿಗೆ ಒತ್ತಿ ಹಿಡಿದರೆ ಝುಂಯ್ ಎನ್ನುವ ಟಾರ್ಚಿನಂಥ ಒಂದು ಉಪಕರಣವನ್ನು ಆಸ್ಪತ್ರೆಯವರು ಕೊಡಿಸಿದರು. ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿ ಮಾತಾಡಿದ ಹಾಗೆ ಕೇಳುತ್ತಿತ್ತು. ಅದನ್ನು ಹಿಡಿದು ಬಂದರಿಗೆ ಹೋದವರು ಒಂದು ಗಳಿಗೆಯಲ್ಲಿ ವಾಪಸು ಬಂದರು. ಬೋಟಿನ ಇಂಜಿನ್ ಸದ್ದಿನಲ್ಲಿ ದುಂಬಿಯನ್ನು ಕೇಳುವವರು ಯಾರು? ಅಂದಿನಿಂದ ಅವರು ಜಗಲಿಯಲ್ಲಿ ಕೂತರು. ಹರಾಜಿನ ಹೊತ್ತಿಗೆ ಸರಿಯಾಗಿ ಅಂಗಿ ಹಾಕಿಕೊಳ್ಳುವುದು, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿ ಗೂಟಕ್ಕೆ ಹಾಕುವುದು. ಅದನ್ನು ನೋಡಲಾರದೆ ನಾನು ಶಾಲೆಗೆ ಬೇಗ ಹೊರಟುಬಿಡುತ್ತಿದ್ದೆ.

ಆಗ ನಮ್ಮ ಡಾಕ್ಟರು ಈ ಜಪಾನಿ ಕಂಪನಿಯ ಸುದ್ದಿ ಹೇಳಿದರು. ಭಾರೀ ದೊಡ್ಡ ಕಂಪನಿ. ಕುತ್ತಿಗೆಗೆ ಕಟ್ಟುವ ಒಂದು ಪಟ್ಟಿಯನ್ನು ಅವರು ಬೇರೆ ಬೇರೆ ಭಾಷೆಯವರಿಗೆ ಕೊಟ್ಟು ಪರೀಕ್ಷೆ ಮಾಡುತ್ತಿದ್ದರು. ಬಾಯಿ, ಗಂಟಲು ಅಲುಗಿದ ಹಾಗೆ ಪಟ್ಟಿ ಅದನ್ನು ಓದಿಕೊಂಡು, ಎದೆಯ ಮೇಲಿನ ಪುಟ್ಟ ಸ್ಪೀಕರಿನಿಂದ ಆ ಮನುಷ್ಯನ ಹಳೆಯ ಧ್ವನಿಯಲ್ಲೇ ಮಾತಾಡುತ್ತದಂತೆ. ಹಳೆಯ ಧ್ವನಿಯ ಮಾದರಿ ಮಾತ್ರ ನಾವು ಕಳಿಸಬೇಕು.

ಹುಡುಕಿದೆವು. ಗಂಡ ಮನೆಯಲ್ಲಿ ಆಡುವ ಮಾತನ್ನು ಯಾವ ಹೆಂಡತಿ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾಳೆ? ಮದುವೆಯ ಕ್ಯಾಸೆಟ್ಟಿನಲ್ಲಿ ಬರೀ ವಾಲಗ. ಕೊನೆಗೆ ಸಿಕ್ಕಿದ್ದು ಅವರ ತಮ್ಮನ ಮಗಳು ಫೋನಿನಲ್ಲಿ ಹಿಡಿದಿದ್ದ ಹರಾಜಿನ ವೀಡಿಯೊಗಳು. ಹಿಂದುಮುಂದು ನೋಡದೆ ಎಲ್ಲವನ್ನೂ ಕಳಿಸಿದೆವು. ಪಟ್ಟಿ ಬಂದು, ಕಟ್ಟಿಕೊಂಡು, ಅವರು ಮೊದಲ ಸಲ ಬಾಯಿ ತೆರೆದಾಗ ನಮ್ಮ ತಪ್ಪು ಗೊತ್ತಾಯಿತು. ಈ ಮನುಷ್ಯ ಹುಟ್ಟಿದಾಗಿನಿಂದ ಕೂಗಿಯೇ ಮಾತಾಡುತ್ತಾನೆ ಎಂದು ಯಂತ್ರ ತಿಳಿದುಕೊಂಡಿತ್ತು. “ಸಾರು ಹಾಕು” ಎಂದರೆ ಇಸ್ವಾಣ ಮೀನಿನ ರಾಶಿ ಹರಾಜಿಗೆ ಬಿದ್ದ ಹಾಗೆ. ಪಕ್ಕದ ಮನೆಯವರು “ನಮ್ಮನೇಲೂ ಸಾರಿದೆ ದಾಮಣ್ಣಾ” ಎಂದು ಕೂಗುತ್ತಿದ್ದರು.

ಆದರೆ ಮಾರನೆಯ ದಿನ ಅವರು ಅಂಗಿ ಹಾಕಿಕೊಂಡು ಬಂದರಿಗೆ ಹೋದರು, ಮಧ್ಯಾಹ್ನದವರೆಗೆ ಬರಲಿಲ್ಲ. ನಾನು ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ. ಸಂತೋಷಕ್ಕೇ ಅತ್ತೆ, ಮುಚ್ಚಿಡುವುದೇನು.

ಈಗ ಪರೀಕ್ಷೆಯ ಅವಧಿ ಮುಗಿದಿತ್ತು. ಪಟ್ಟಿಯನ್ನು ತಯಾರಿಸಿ ಮಾರಬೇಕೋ ಬೇಡವೋ ಎಂದು ತೀರ್ಮಾನಿಸುವ ಸಭೆಗೆ ಬನ್ನಿ, ಪಟ್ಟಿಯನ್ನೂ ತನ್ನಿ ಎಂದು ಕಂಪನಿ ನಮ್ಮಿಬ್ಬರನ್ನು ಕರೆಸಿತ್ತು. ಬೇಡವೆಂದು ತೀರ್ಮಾನವಾದರೆ ಕೊಟ್ಟ ಪಟ್ಟಿಗಳನ್ನೆಲ್ಲ ವಾಪಸು ತೆಗೆದುಕೊಳ್ಳುತ್ತೇವೆ ಎಂಬ ಷರತ್ತಿಗೆ ಮೊದಲೇ ಸಹಿ ಮಾಡಿದ್ದೆವು. ಹೋಗುವಾಗ ಮಾತಾಡಿಕೊಂಡು ಹೋಗುತ್ತೇವೆ, ಬರುವಾಗ ಹೇಗೋ ಎಂಬುದೇ ದಾರಿಯುದ್ದಕ್ಕೂ ನನಗಿದ್ದ ಚಿಂತೆ.

“ತಗಂಡ್ರೆ ತಗಳ್ಳಿ,” ಎಂದು ನಮ್ಮವರು ವಿಮಾನದಲ್ಲಿ ಕೂಗಿದರು. “ನಿನ್ನ ಕಿವಿಗಾದ್ರೂ ಆರಾಮ ಆತದೆ.” ಮುಂದಿನ ಸಾಲಿನಲ್ಲಿ ಮಲಗಿದ್ದವರು ಎದ್ದು ಕೂತರು.

ಯೊಕೊಹಾಮಾದ ರೈಲು

ನಮ್ಮನ್ನು ಕರೆದೊಯ್ಯಲು ಬಂದವಳು ಕಾವೋರಿ. ಈ ಪಟ್ಟಿಯನ್ನು ಕಂಡುಹಿಡಿದ ಇಂಜಿನಿಯರ್ ಇವಳೇ. ಕಂಪ್ಯೂಟರಿನ ಪರದೆಯ ಮೇಲೆ ನಾವು ಎಷ್ಟೋ ಸಲ ನೋಡಿದ್ದ ಮುಖ. ಎದುರಿಗೆ ನೋಡಿದರೆ ನನ್ನ ಹತ್ತನೇ ಕ್ಲಾಸಿನ ಹುಡುಗಿಯರಷ್ಟೇ ಎತ್ತರ.

ಅಲ್ಲಿಯ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಗಾಡಿ ಕಿಕ್ಕಿರಿದು ತುಂಬಿದೆ, ಉಸಿರಿನ ಸದ್ದೂ ಇಲ್ಲ. ನಮ್ಮ ಕಡೆ ಅಂಕೋಲೆಯಲ್ಲಿ ಬಸ್ಸು ಹತ್ತಿದರೆ ಹಟ್ಟಿಕೇರಿ ಬರುವುದರೊಳಗೆ ಪಕ್ಕದವಳ ಮಗಳಿಗೆ ಗಂಡು ಸಿಕ್ಕಿತೋ ಇಲ್ಲವೋ ತಿಳಿದಿರುತ್ತದೆ. ಇಲ್ಲಿ ಫೋನು ಬಂದರೂ ಎತ್ತುವುದು ಮರ್ಯಾದೆಯಲ್ಲವಂತೆ. ನಾನು ನಮ್ಮವರಿಗೆ ಬಾಯಿ ಮುಚ್ಚಿಕೊಂಡಿರಿ ಎಂದು ಸನ್ನೆ ಮಾಡಿದೆ. ಪಾಪ, ಮುಚ್ಚಿಕೊಂಡೇ ಇದ್ದರು. ನಾಲ್ಕು ಸ್ಟೇಷನ್ ಕಳೆದ ಮೇಲೆ ಆಕಳಿಕೆ ಬಂತು. ಪಟ್ಟಿ ಅದನ್ನೂ ಓದಿಕೊಂಡು “ಆ...ಹಾಹಾ!” ಎಂದು ಬೊಬ್ಬೆ ಹೊಡೆಯಿತು.

ಇಡೀ ಡಬ್ಬಿ ತಿರುಗಿ ನೋಡಿತು. ಆಮೇಲೆ ಎಲ್ಲರೂ ಒಟ್ಟಿಗೇ, ಏನೂ ಆಗಿಲ್ಲವೆಂಬಂತೆ, ಬೇರೆ ಕಡೆ ನೋಡತೊಡಗಿದರು. ಕಾವೋರಿ ಬಾಯಿಗೆ ಕೈ ಅಡ್ಡ ಹಿಡಿದು ಅಲುಗಾಡಿ ಅಲುಗಾಡಿ ನಕ್ಕಳು. ಆ ನಗು ನೋಡಿದ ಮೇಲೆ ನನಗೆ ಅವಳ ಮೇಲೆ ಭರವಸೆ ಹುಟ್ಟಿತು.

ಒಂದು ಸಣ್ಣ ಬಂದರು

ಮಾರನೆಯ ದಿನ ಕಾವೋರಿ ನಮ್ಮನ್ನು ಸಮುದ್ರದಂಚಿನ ಒಂದು ಸಣ್ಣ ಊರಿಗೆ ಕರೆದುಕೊಂಡು ಹೋದಳು. ಅಲ್ಲಿಯ ಮೀನಿನ ಹರಾಜನ್ನು ದಾಮೋದರ‑ಸಾನ್ ನೋಡಲೇಬೇಕು ಎಂಬುದು ಅವಳ ಆಸೆ.

ಬಂದರೆಂದರೆ ಬಂದರಲ್ಲ, ಆಸ್ಪತ್ರೆ. ನೆಲ ತೊಳೆದು ಹೊಳೆಯುತ್ತದೆ. ಕಾಗೆಯಿಲ್ಲ, ನಾಯಿಯಿಲ್ಲ, ಒಬ್ಬರ ಮೇಲೊಬ್ಬರು ಬೀಳುವವರಿಲ್ಲ. ಹರಾಜು ಕೂಗುವವನು ಒಂದು ಪೆಟ್ಟಿಗೆಯ ಮೇಲೆ ನಿಂತು ಮಂತ್ರ ಹೇಳಿದಂತೆ ಏನೋ ಹೇಳಿದ. ಕೊಳ್ಳುವವರು ಬೆರಳು ಮಡಚಿ ಬಿಚ್ಚಿದರು. ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಮೀನು ಮಾರಿ ಆಗಿತ್ತು. ನಮ್ಮವರು ಬೆರಗಾಗಿ ನೋಡಿದರು, ಆದರೆ ಒಪ್ಪಲಿಲ್ಲ.

“ಇಂವ ಉಸ್ರೇ ಬಿಡೂದಿಲ್ಲ ಗೋ,” ಎಂದರು ನನಗೆ. “ಸಣ್ಣವ್ರು ಎಂತಾ ಮಾಡ್ಬೇಕು?”

ಕಾವೋರಿಗೆ ಅರ್ಥವಾಗಲಿಲ್ಲ. ನಾನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಬೈತಖೋಲದಲ್ಲಿ ಒಂದ್ ಸಲ, ಎರಡ್ ಸಲ, ಮೂರ್ ಸಲ ಎಂದು ಕೂಗಿ ಮಾಲು ಬಿಡುತ್ತಾರೆ. ಲಾರಿ ತುಂಬಿಸುವ ದೊಡ್ಡ ವ್ಯಾಪಾರಿಗಳಿಗೆ ಯೋಚಿಸುವುದೇನೂ ಇರುವುದಿಲ್ಲ. ಬುಟ್ಟಿ ಹೊತ್ತು ಮನೆಮನೆಗೆ ಮಾರುವ ಹೆಂಗಸರು ಮಾತ್ರ ಒಬ್ಬೊಬ್ಬರೇ ಇಡೀ ರಾಶಿ ಕೊಳ್ಳಲಾರರು. ಮೂವರೋ ನಾಲ್ವರೋ ಸೇರಿ ಕೊಂಡು ಹಂಚಿಕೊಳ್ಳಬೇಕು. ಅವರು ಮುಖ ಮುಖ ನೋಡಿಕೊಂಡು, ಹೂಂ ಅಂದುಕೊಂಡು, ಕೈ ಎತ್ತಲು ಸ್ವಲ್ಪ ಹೊತ್ತು ಬೇಕು. ಅದಕ್ಕೇ ನಮ್ಮವರು ಎರಡನೇ ಸಲ ಕೂಗಿ ಸುಮ್ಮನಾಗುತ್ತಾರೆ. ಅವರ ಅಪ್ಪನೂ ಹಾಗೇ ಮಾಡುತ್ತಿದ್ದರು. ದೊಡ್ಡ ವ್ಯಾಪಾರಿಗಳು ಗೊಣಗುತ್ತಾರೆ, ಕಾಯುತ್ತಾರೆ.

“ಓಹ್,” ಎಂದಳು ಕಾವೋರಿ. “ನಿಮ್ಮ ವೀಡಿಯೊಗಳಲ್ಲಿ ಆ ಜಾಗದಲ್ಲಿ ಕ್ಯಾಮೆರಾ ಕೆಟ್ಟಿದೆ ಎಂದುಕೊಂಡಿದ್ದೆ.” ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ನಮ್ಮವರು ಬಂದರು ಅದುರುವಂತೆ ನಕ್ಕರು. ಪೆಟ್ಟಿಗೆಯ ಮೇಲಿದ್ದ ಹರಾಜಿನವನು ಆ ಸದ್ದು ಕೇಳಿ ಟೋಪಿ ತೆಗೆದು ಬಾಗಿದ. ಕಸುಬಿನವರಿಗೆ ಕಸುಬಿನವರ ಗುರುತು.

ಅದೇ ಊರಿನಲ್ಲಿ ಓನೊ ಎಂಬ ಮುದುಕರದೊಂದು ಕಾರ್ಖಾನೆಯಿತ್ತು. ಕಾರ್ಖಾನೆಯೆಂದರೆ ಮನೆಯ ಕೆಳಗಿನ ಒಂದು ದೊಡ್ಡ ಕೋಣೆ. ಪಟ್ಟಿಯ ಪುಟ್ಟ ಸ್ಪೀಕರು ತಯಾರಾಗುವುದು ಅಲ್ಲಿ. ಕಪಾಟಿನಲ್ಲಿ ನೋಡುತ್ತೇನೆ, ನಮ್ಮ ಹಳೆಯ ದುಂಬಿ! ಅದೇ ಟಾರ್ಚಿನಂಥ ಉಪಕರಣ. ಅದನ್ನು ಮಾಡುವುದೇ ಅವರ ಮೂಲ ಕಸುಬಂತೆ, ತಲೆಮಾರಿನಿಂದ. ಅದು ನಮ್ಮ ಬಂದರಿನಲ್ಲಿ ಯಾರಿಗೂ ಕೇಳಿಸಲಿಲ್ಲವೆಂದು ನಾನು ಬಾಯಿತಪ್ಪಿ ಹೇಳಿಬಿಟ್ಟೆ. ಓನೊ ಎದ್ದು ನಿಂತು, ಸೊಂಟದವರೆಗೆ ಬಾಗಿ, ಕ್ಷಮೆ ಕೇಳಿದರು. ನನಗೆ ಎಲ್ಲಿ ಹುದುಗಿಕೊಳ್ಳಲಿ ಎನ್ನಿಸಿತು. ಗಡಿಬಿಡಿಯಲ್ಲಿ ಚೀಲ ತಡಕಾಡಿ ಊರಿನಿಂದ ಒಯ್ದಿದ್ದ ಒಣ ಮುರುಗಲ ಸಿಪ್ಪೆಯ ಪೊಟ್ಟಣ ಕೊಟ್ಟೆ. ಸಾರಿಗೆ ಹುಳಿಗೆಂದು ಹಾಕುವುದು ಎಂದು ಹೇಳುವುದರೊಳಗೆ ಅವರು ಮಿಠಾಯಿಯೆಂದು ಒಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಬಹಳ ಚೆನ್ನಾಗಿದೆ ಎಂದರು.

ಕಂಪನಿಯ ಮಹಡಿ

ಸಭೆಯ ಹಿಂದಿನ ದಿನ ತಾಲೀಮು. ಗಾಜಿನ ಕಟ್ಟಡ, ಕೆಳಗೆ ನೋಡಿದರೆ ತಲೆ ತಿರುಗುವಷ್ಟು ಎತ್ತರ. ಅಲ್ಲಿ ನಮಗೆ ಗೊತ್ತಾದದ್ದೇನೆಂದರೆ, ಸಭೆಯ ಮುಂದೆ ಹೋಗುವುದು ನಮ್ಮವರ ಕುತ್ತಿಗೆಯ ಹಳೆಯ ಪಟ್ಟಿಯಲ್ಲ, ಸುಧಾರಿಸಿದ ಹೊಸ ಪಟ್ಟಿ.

ಹೊಸದು ನೋಡಲು ಬಹಳ ಚಂದವಿತ್ತು. ಕಟ್ಟಿಕೊಂಡು ನಮ್ಮವರು ನನ್ನತ್ತ ತಿರುಗಿ, “ಚಾ ಸಿಕ್ತದೇನೆ ಇಲ್ಲಿ?” ಎಂದು ಬಾಯಾಡಿಸಿದರು. ಪಟ್ಟಿ ಮೆತ್ತಗೆ, ರೇಡಿಯೊದಲ್ಲಿ ವಾರ್ತೆ ಓದುವವರ ಹಾಗೆ, “ದಯವಿಟ್ಟು ಇಲ್ಲಿ ಚಹಾ ದೊರೆಯುವುದೇ?” ಎಂದಿತು.

ನಾನು ಸುತ್ತ ನೋಡಿದೆ. ಈ ಜನ್ಮದಲ್ಲಿ ಅವರು ನನಗೆ ದಯವಿಟ್ಟು ಎಂದದ್ದು ಅದೊಂದೇ ಸಲ. ಸುಳ್ಳೇಕೆ, ಒಂದು ಗಳಿಗೆ ಹಿತವಾಗಿಯೇ ಇತ್ತು.

ಆಮೇಲೆ ಅವರು ಹರಾಜು ಕೂಗಿ ನೋಡಿದರು. ಒಂದ್ ಸಲ ಎಂದರು, ಎರಡ್ ಸಲ ಎಂದು ಬಾಯಿ ಮುಚ್ಚಿದರು. ಬಾಯಿ ಮುಚ್ಚಿದ್ದ ಹಾಗೇ ಪಟ್ಟಿ ತಾನೇ “ಮೂರು ಸಲ, ಧನ್ಯವಾದಗಳು” ಎಂದು ಮುಗಿಸಿಬಿಟ್ಟಿತು. ನಮ್ಮವರು ಕುತ್ತಿಗೆ ಮುಟ್ಟಿ ನೋಡಿಕೊಂಡರು. ಮತ್ತೆ ಮಾಡಿದರು. ಮತ್ತೆ ಅದೇ. ಅವರ ಮುಖ ಜಗಲಿಯಲ್ಲಿ ಕೂತಿರುತ್ತಿದ್ದ ದಿನಗಳ ಮುಖವಾಯಿತು. ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟರು.

ಊಟದ ಹೊತ್ತಿಗೆ ಕಾವೋರಿ ನನ್ನ ಹತ್ತಿರ ಎಲ್ಲ ಹೇಳಿಕೊಂಡಳು. ಯಾರೂ ಕೆಟ್ಟದ್ದು ಮಾಡಲಿಲ್ಲವಂತೆ. ಕಾನೂನಿನವರು, ಕೂಗುವ ಯಂತ್ರದಿಂದ ಯಾರದಾದರೂ ಕಿವಿಗೆ ಪೆಟ್ಟಾದರೆ ಕಂಪನಿ ಹೊಣೆಯಾದೀತು ಎಂದರು, ಸದ್ದು ಇಳಿಯಿತು. ಹೆಸರು ಕಾಪಾಡುವವರು, ನಮ್ಮ ಕಂಪನಿಯ ಯಂತ್ರ ಒರಟಾಗಿ ಮಾತಾಡಬಾರದು ಎಂದರು, ದಯವಿಟ್ಟು ಬಂತು. ಫೋನಿನ ವಿಭಾಗದವರಲ್ಲಿ ಮುಂದಿನ ಶಬ್ದವನ್ನು ಊಹಿಸುವ ವಿದ್ಯೆಯೊಂದು ಸಿದ್ಧವಾಗಿತ್ತು, ಅದನ್ನು ಇದರಲ್ಲೂ ಹಾಕಿದರೆ ಅವರ ಸಹಿ ಸಿಗುತ್ತದೆ, ಹಾಗಾಗಿ ಹಾಕಿದರು.

“ಇಷ್ಟೆಲ್ಲ ಆದ ಮೇಲೆ ಮಾರಾಟದವರು ಕೇಳಿದರು, ಜಗತ್ತಿನಲ್ಲಿ ಇದು ಬೇಕಾದವರು ಎಷ್ಟು ಜನ ಎಂದು,” ಎಂದಳು ಕಾವೋರಿ. “ಹೇಳಿದೆ. ಅಷ್ಟು ಫೋನನ್ನು ನಾವು ಒಂದೇ ಬೆಳಿಗ್ಗೆ ಮಾರುತ್ತೇವೆ ಎಂದರು.”

“ಹಾಗಾದರೆ ಬೇಡ ಎಂದರೇ?”

“ಬೇಡ ಅನ್ನಲಿಲ್ಲ. ನಮ್ಮಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಬೇಕು ಎಂದು ಮೊದಲು ಹೇಳುವವರೂ ಯಾರೂ ಇಲ್ಲ. ಸೋತರೆ ಅವರ ತಲೆಗೆ ಬರುತ್ತದಲ್ಲ.”

ನನಗೆ ನಮ್ಮ ಶಾಲೆಯ ವಾರ್ಷಿಕೋತ್ಸವದ ಕರೆಯೋಲೆ ನೆನಪಾಯಿತು. ಇವರ ಹೆಸರು ಬಿಟ್ಟರೆ ಬೇಜಾರು, ಅವರ ಹೆಸರು ಕೆಳಗೆ ಹಾಕಿದರೆ ಸಿಟ್ಟು ಎಂದು ಎಲ್ಲರೂ ಸೇರಿ ತಿದ್ದಿ ತಿದ್ದಿ, ಅಚ್ಚಾಗಿ ಬಂದಾಗ ನೋಡಿದರೆ ಕಾರ್ಯಕ್ರಮ ಯಾವತ್ತು ಎಂಬುದೇ ಬಿಟ್ಟುಹೋಗಿತ್ತು. ತಪ್ಪು ಯಾರದೆಂದು ಇವತ್ತಿಗೂ ಗೊತ್ತಾಗಿಲ್ಲ. ಕಾವೋರಿಗೆ ಅದನ್ನು ಹೇಳಿದೆ. ಅವಳು ಈ ಸಲ ನಗಲಿಲ್ಲ.

ಹೋಟೆಲಿಗೆ ಬಂದ ಮೇಲೆ ನಮ್ಮವರು ಹಳೆಯ ಪಟ್ಟಿ ಕಟ್ಟಿಕೊಂಡರು. ಅಂಗಿಯ ಗುಂಡಿ ಹಾಕುವುದು, ಬಿಚ್ಚುವುದು ಮಾಡುತ್ತಾ ಕೂತರು. ಕೊನೆಗೊಮ್ಮೆ, “ಮಾಜಾಳಿಗೆ ಫೋನ್ ಹಚ್ಚು. ಎಲ್ಲರತ್ರ ಒಂದ್ಸಲ ಮಾತಾಡಿ ಬಿಡ್ತೆ,” ಎಂದರು. ಕೂಗಿಯೇ ಅಂದರು, ಆದರೆ ನನಗೆ ಅದು ಪಿಸುಮಾತಿನಂತೆ ಕೇಳಿತು. ನಾನು ಫೋನು ಹಚ್ಚಿಕೊಟ್ಟೆ.

ಸಭೆ

ಉದ್ದದ ಮೇಜು. ಎರಡೂ ಬದಿಗೆ ಕಪ್ಪು ಕೋಟಿನವರು. ಅದರ ತುದಿಯಲ್ಲಿ ಹಯಾಶಿ ಎಂಬ ಹಿರಿಯರು. ಗೋಡೆಗೆ ಒತ್ತಿ ಹಾಕಿದ ಕುರ್ಚಿಗಳಲ್ಲಿ ಬಿಡಿಭಾಗ ಒದಗಿಸುವವರು, ಅವರ ನಡುವೆ ನಮ್ಮ ಓನೊ. ನನ್ನನ್ನು ಕಂಡು ಮುರುಗಲ ನೆನಪಾಯಿತೋ ಏನೋ, ಒಮ್ಮೆ ಕಣ್ಣು ಬಿಗಿಯಾಗಿ ಮುಚ್ಚಿ ತೆರೆದರು.

ಬಾಗಿಲ ಹೊರಗೆ ಕಾವೋರಿ ಎರಡು ಪಟ್ಟಿಗಳನ್ನೂ ಹಿಡಿದು ನಿಂತಿದ್ದಳು. ಹೊಸದನ್ನು ಹಾಕಬೇಕೆಂಬುದು ಅಪ್ಪಣೆ. ಅವಳು ಅದನ್ನು ಒಮ್ಮೆ ನೋಡಿದಳು, ಆಮೇಲೆ ಹಳೆಯದನ್ನು ತೆಗೆದು ತನ್ನ ಕೈಯಾರೆ ನಮ್ಮವರ ಕುತ್ತಿಗೆಗೆ ಕಟ್ಟಿದಳು. ಅವಳ ಕಿವಿಗಳು ಕೆಂಪಾಗಿದ್ದವು.

ನಮ್ಮವರ ಕೈಯಲ್ಲಿ ಓದಬೇಕಾದ ಚೀಟಿ ಇತ್ತು. “ನಮಸ್ಕಾರ!” ಎಂದರು. ಮೇಜಿನ ಮೇಲಿದ್ದ ಚಹಾದ ಬಟ್ಟಲುಗಳು ಅಲುಗಿದವು. ನಾನು ಅನುವಾದ ಮಾಡಿದೆ. ಮುಂದಿನ ಸಾಲು, ಈ ಉಪಕರಣದಿಂದ ನನ್ನ ಬಾಳು ಬದಲಾಯಿತು ಎಂದಿತ್ತು. ಅವರು ಚೀಟಿ ನೋಡಿದರು, ಆ ಕೋಟುಗಳನ್ನು ನೋಡಿದರು, ಚೀಟಿ ಮಡಚಿ ಕಿಸೆಗೆ ಹಾಕಿಕೊಂಡರು. ಬಂದರಿನಲ್ಲಿ ರಾಶಿಯ ಮುಂದೆ ನಿಲ್ಲುವ ಹಾಗೆ ಕಾಲು ಅಗಲಿಸಿ ನಿಂತು, ಕುತ್ತಿಗೆಯ ಪಟ್ಟಿಗೆ ಬೆರಳು ಹಚ್ಚಿ ಶುರು ಮಾಡಿಯೇಬಿಟ್ಟರು.

“ಬನ್ನಿ ಬನ್ನಿ ಬನ್ನಿ! ತಾಜಾ ಮಾಲು, ಹೊಸ ಮಾಲು! ಸತ್ತ ದನಿ ಎಬ್ಸೂ ಮಾಲು! ಯಾರಿಗೆ ಬೇಕು? ಬಾಯಿ ಬಿಟ್ಟು ಹೇಳ್ಬೇಕು! ಒಂದ್ ಸಲಾ!”

ಚೀಟಿಯಲ್ಲಿ ಇದೊಂದೂ ಇರಲಿಲ್ಲ. ಆದರೂ ಅನುವಾದಿಸಿದೆ, ಅಕ್ಕೋರಿನ ಗಂಟಲಿನಲ್ಲೇ. ಕಾವೋರಿ ಅದನ್ನು ಜಪಾನಿ ಭಾಷೆಗೆ ತಿರುಗಿಸಿದಳು. ಮೇಜಿನ ಎಡಗಡೆಯವರು ಬಲಗಡೆಯವರನ್ನು ನೋಡಿದರು. ಬಲಗಡೆಯವರು ಹಯಾಶಿಯವರನ್ನು ನೋಡಿದರು. ಹಯಾಶಿಯವರು ತಮ್ಮ ಮುಂದಿದ್ದ ಕಾಗದ ನೋಡಿದರು.

“ಎರಡ್ ಸಲಾ!”

ಆಮೇಲೆ ಅವರು ಸುಮ್ಮನಾದರು.

ಬೈತಖೋಲದಲ್ಲಿ ಸುಮ್ಮನಾಗುವ ಹಾಗೆಯೇ, ಮೈ ಅಲುಗಿಸದೆ. ಅನುವಾದ ಮಾಡಲು ನನಗೆ ಏನೂ ಉಳಿದಿರಲಿಲ್ಲ. ಅಷ್ಟು ದೊಡ್ಡ ಕೋಣೆಯಲ್ಲಿ ಅಷ್ಟು ದೊಡ್ಡ ಜನ ಒಬ್ಬರನ್ನೊಬ್ಬರು ನೋಡುತ್ತಾ ಕೂತಿದ್ದರು, ಯಾರಾದರೂ ಮೊದಲು ಕೈ ಎತ್ತಲಿ ಎಂದು. ಯಾರೂ ಎತ್ತಲಿಲ್ಲ. ಹೋಯಿತು ಎಂದುಕೊಂಡೆ. ಈ ಪಟ್ಟಿಯನ್ನು ಇಲ್ಲೇ ಬಿಚ್ಚಿಡಬೇಕು, ಇನ್ನು ಅವರ ದನಿ ಕೇಳುವುದು ಇದೇ ಕೊನೆ ಎಂದುಕೊಂಡೆ.

ಆಗ ಗೋಡೆಯ ಬದಿಯ ಕುರ್ಚಿಗಳಿಂದ ಒಂದು ಕೈ ಮೇಲೆ ಬಂತು. ಓನೊ ಎದ್ದು ನಿಂತಿದ್ದರು. ಅವರ ಮಾತನ್ನು ಕಾವೋರಿ ನನಗೆ ಇಂಗ್ಲಿಷಿನಲ್ಲಿ ಹೇಳಿದಳು. “ಕಂಪನಿಗೆ ಇದು ಬೇಡವಾದರೆ, ನನಗೆ ಬೇಕು. ನಿಮಗೆ ಅಷ್ಟು ಜನ ಬಹಳ ಕಡಿಮೆ. ನಮ್ಮ ಕಾರ್ಖಾನೆಗೆ ಅಷ್ಟು ಜನ ಬೇಕಾದಷ್ಟಾಯಿತು.”

“ಮೂರ್ ಸಲಾ!” ಎಂದು ನಮ್ಮವರು ಮೇಜಿಗೆ ಕೈ ಬಡಿದರು. ಈ ಸಲ ಬಟ್ಟಲೊಂದು ಉರುಳಿಯೇಬಿಟ್ಟಿತು.

ಅದರ ಬೆನ್ನಿಗೆ ಆದದ್ದನ್ನು ನಾನು ಎಣಿಸಿರಲಿಲ್ಲ. ಹಯಾಶಿಯವರು ಕುರ್ಚಿಗೆ ಒರಗಿ ದೊಡ್ಡದೊಂದು ಉಸಿರು ಬಿಟ್ಟರು. ಮೇಜಿನ ಎರಡೂ ಬದಿಯಲ್ಲಿ ಒಬ್ಬೊಬ್ಬರಾಗಿ ಹೆಗಲು ಸಡಿಲ ಬಿಟ್ಟರು. ಯಾರೋ ನಕ್ಕರು. ಇದನ್ನು ಸಾಯಿಸಲು ಅವರಿಗೂ ಮನಸ್ಸಿರಲಿಲ್ಲ ಎಂದು ಆಗ ಗೊತ್ತಾಯಿತು.

ಅಂದೇ ಎಲ್ಲ ಮುಗಿಯಿತೆಂದಲ್ಲ. ಕಂಪನಿಯೆಂದ ಮೇಲೆ ಸಹಿಯ ಮೇಲೆ ಸಹಿ ಇದ್ದದ್ದೇ. ಆದರೆ ಸಂಜೆ ಹಯಾಶಿಯವರೇ ನಮ್ಮ ಹೋಟೆಲಿಗೆ ಬಂದರು. ಪಟ್ಟಿಯ ಕೆಲಸವನ್ನು ಓನೊ ಅವರಿಗೆ ಬಿಟ್ಟುಕೊಡುತ್ತೇವೆ, ಕಾವೋರಿಯೂ ಅಲ್ಲಿಗೇ ಹೋಗುತ್ತಾಳೆ, ಈಗ ಕೊಟ್ಟಿರುವ ಪಟ್ಟಿಗಳನ್ನು ಯಾರೂ ಹಿಂತಿರುಗಿಸಬೇಕಾಗಿಲ್ಲ ಎಂದರು. ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ನಮ್ಮವರು ಉಪಚಾರಕ್ಕೆ ಧನ್ಯವಾದ ಹೇಳಿದರು. ಪಕ್ಕದ ಕೋಣೆಯಿಂದ ಯಾರೋ ಗೋಡೆ ತಟ್ಟಿದರು.

ಹಿಂದಿರುಗುವಾಗ ವಿಮಾನದಲ್ಲಿ ನಾನು ಊಟಕ್ಕೂ ಏಳದೆ ನಿದ್ದೆ ಮಾಡಿದೆ. ಎಷ್ಟೋ ದಿನಗಳ ನಿದ್ದೆ ಬಾಕಿಯಿತ್ತು.

ಬೈತಖೋಲ

ಊರಿಗೆ ಬಂದ ಮಾರನೆಯ ಬೆಳಿಗ್ಗೆ ನಾನೂ ಅವರ ಜೊತೆ ಬಂದರಿಗೆ ಹೋದೆ. ಶಾಲೆಗೆ ಇನ್ನೊಂದು ದಿನ ರಜೆ ಹಾಕಿದ್ದೆ. ಕಾಗೆ, ನಾಯಿ, ನೂಕಾಟ ಎಲ್ಲ ಇದ್ದಲ್ಲೇ ಇದ್ದವು. ಬುಟ್ಟಿ ಹೊತ್ತು ಮೀನು ಮಾರುವ ಶೇವಂತಿಬಾಯಿ ನನ್ನನ್ನು ಕಂಡವಳೇ ಕೈ ಹಿಡಿದುಕೊಂಡಳು.

“ಬಂದ್ರ್ಯಾ ಅಕ್ಕೋರೆ? ನಮ್ಮ ದಾಮಣ್ಣನ ದನಿ ಅಲ್ಲೇ ಇಟ್ಕಂಡ್ರೇನೋ ಅಂದೇಳಿ ನಮ್ಗೆಲ್ಲ ಹೆದ್ರಿಕೆ ಆಗಿತ್ತು.”

“ಇಲ್ಲ ಮಾರಾಯ್ತಿ, ವಾಪಸ್ ತಂದಾಯ್ತು,” ಎಂದೆ. ಹೇಳುವಾಗ ನನ್ನ ಕಣ್ಣು ತುಂಬಿತು.

ಬಂಗಡೆಯ ರಾಶಿ ಬಿತ್ತು. ನಮ್ಮವರು ಕಾಲು ಅಗಲಿಸಿ ನಿಂತು ಕೂಗಿದರು. ಲಾರಿಯ ವ್ಯಾಪಾರಿಯೊಬ್ಬ ಬೆಲೆ ಏರಿಸಿದ. ಒಂದ್ ಸಲಾ ಎಂದರು. ಎರಡ್ ಸಲಾ ಎಂದರು. ಸುಮ್ಮನಾದರು.

ಶೇವಂತಿಬಾಯಿ ನನ್ನ ಕೈ ಬಿಟ್ಟು ಇನ್ನಿಬ್ಬರು ಹೆಂಗಸರ ಕಿವಿಗೆ ಬಾಯಿ ಇಟ್ಟಳು. ವ್ಯಾಪಾರಿ ಗೊಣಗಿದ.

“ತಡಿಯೋ ದಾಮಣ್ಣ, ಗಡಬಡಿ ಮಾಡ್ಬೇಡ!” ಎಂದು ಅವಳು ಅಲ್ಲಿಂದಲೇ ಕೂಗಿದಳು. “ನಾವಿನ್ನೂ ಮಾತಾಡ್ತೇ ಇದ್ದೇವೋ!”

ಅವರು ಕಾದರು. ಕುತ್ತಿಗೆಯ ಪಟ್ಟಿಯೂ ಕಾಯಿತು.